ಜಾಡಿಯ ಕಪ್ಪೆ, ತಲೆಯ ಕೂದಲು

ಶಾಲೆಯ ಪ್ರಯೋಗಾಲಯದ ಜಾಡಿಯಲ್ಲಿ ಕಪ್ಪೆ ಕೆಡದಂತೆ ಕಾಯುವ ಫಾರ್ಮಲಿನ್ನಿನ ಘಾಟು ಯಾರಿಗೆ ಗೊತ್ತಿಲ್ಲ? ಗುಂಗುರು ಕೂದಲನ್ನು ನೇರಗೊಳಿಸುವ ‘ಕೆರಾಟಿನ್ ಚಿಕಿತ್ಸೆ’ಯ ಎಷ್ಟೋ ದ್ರಾವಣಗಳಲ್ಲಿರುವುದೂ ಅದೇ ಫಾರ್ಮಾಲ್ಡಿಹೈಡ್. ಕೆರಾಟಿನ್ ನಮ್ಮ ಕೂದಲು, ಉಗುರುಗಳ ಪ್ರೋಟೀನು. ಇಲ್ಲಿ ಹೆಸರು ಅದರದು, ಕೆಲಸ ಇದರದು! ಸುಮಾರು 230 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒತ್ತಿ ಎಳೆದಾಗ ಅದು ಪ್ರೋಟೀನಿನ ಎಳೆಗಳನ್ನು ನೇರವಾಗಿಯೇ ಬೆಸೆಯುತ್ತದೆ. ಉಳಿದದ್ದು ಅನಿಲವಾಗಿ ಕಣ್ಣು, ಮೂಗು ಉರಿಸುತ್ತದೆ. ಗಿರಾಕಿಗಿಂತ ಹೆಚ್ಚು ಉಸಿರಾಡುವವಳು ಪಾರ್ಲರಿನ ಕೆಲಸಗಾತಿ. ಈ ಅನಿಲ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸಾರಿದೆ.

ಕ್ಷಾರ ಹಚ್ಚಿ ಮೊದಲೇ ನೇರ ಮಾಡಿಸಿದ ಕೂದಲಿನಲ್ಲಿ ಗಂಧಕದ ಬಂಧಗಳು ಆಗಲೇ ಮುರಿದಿರುತ್ತವೆ. ಮತ್ತೆ ಕಾವು ಕೊಟ್ಟರೆ ಕೂದಲು ತುಂಡಾದೀತು.

‘ಫಾರ್ಮಾಲ್ಡಿಹೈಡ್ ರಹಿತ’ ಎಂದು ಬರೆದಿದ್ದ ಸೀಸೆಗಳಲ್ಲೂ ಅದು ಸಿಕ್ಕಿ, 2011ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಎಚ್ಚರಿಕೆ ಹೊರಡಿಸಿತು. ಲೇಬಲ್ಲಿನಲ್ಲಿ ‘ಮಿಥಿಲೀನ್ ಗ್ಲೈಕಾಲ್’ ಎಂದಿದೆಯೇ ನೋಡಿ. ಫಾರ್ಮಾಲ್ಡಿಹೈಡ್ ನೀರಿನೊಡನೆ ಸೇರಿದಾಗ ಆಗುವುದು ಅದೇ.