ಅಟ್ಟದ ಪುಸ್ತಕ, ಅಂಗಳದಾಚೆಯ ಕಡಲು

ಕೊರೊನಾದಿಂದಾಗಿ 2020ರ ಮಾರ್ಚ್ 25ರಂದು ದೇಶಕ್ಕೇ ಬೀಗ ಬಿತ್ತು. ಅದಕ್ಕೆ ತುಸು ಮೊದಲೇ ಬೆಂಗಳೂರಿನಿಂದ ಕುಂದಾಪುರದ ಕಡೆಗೆ ಬಸ್ಸು ಹತ್ತಿದ್ದ ಕುಟುಂಬಗಳ ಮಕ್ಕಳಿಗೆ ಅಜ್ಜಿಮನೆ, ಕಡಲು ಮತ್ತು ಮುಗಿಯದ ರಜೆ ಒಟ್ಟಿಗೇ ದಕ್ಕಿದವು. ನಿರ್ಬಂಧ ಸಡಿಲಾದ ಮೇಲೆ ಸಂಜೆ ಹೊತ್ತು ಮರಳಿನಲ್ಲಿ ಏಡಿಯ ಬೆನ್ನಟ್ಟುವ ಆಟ. ಬಿಸಿಲೇರಿದಾಗ ಅಟ್ಟದಿಂದಿಳಿದ ಹಳೆಯ ‘ಚಂದಮಾಮ’, ‘ತರಂಗ’. ಎಸ್ಸೆಸ್ಸೆಲ್ಸಿಯವರಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅವರ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು.

ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ 1941ರಲ್ಲೇ ಬಂದ ಕಾದಂಬರಿ. ಅದರ ಮೂರು ತಲೆಮಾರು ಬದುಕಿದ್ದು ಇದೇ ಕಡಲ ಕರೆಯಲ್ಲಿ. ಅಲೆಯ ಸದ್ದು ಕೇಳುತ್ತಲೇ ಅದನ್ನು ಓದುವುದಕ್ಕೆ ಬೇರೆಯೇ ರುಚಿ. ವರದಿ ಬರೆಯಿರಿ ಎನ್ನುವ ಮೇಷ್ಟರಿಲ್ಲದಿದ್ದರಂತೂ ಇನ್ನೂ ಹೆಚ್ಚು!

ಆದರೆ ಅಟ್ಟದಲ್ಲಿ ಪುಸ್ತಕವಿಲ್ಲದ ಮನೆಗಳೇ ಹೆಚ್ಚು. ಆಗ ಗ್ರಂಥಾಲಯಗಳೂ ಮುಚ್ಚಿದ್ದವು. ರಾಜ್ಯದ ಡಿಜಿಟಲ್ ಗ್ರಂಥಾಲಯ 2020ರ ಆರಂಭದಲ್ಲೇ ತೆರೆದಿತ್ತು, ನಿಜ. ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಮಕ್ಕಳಿಗೆ ಅದು ಎಷ್ಟು ಹತ್ತಿರ?

ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. ಆ ದುಡ್ಡು ಪುಸ್ತಕವಾಗಿ ಕಡಲ ಕರೆಗೂ ಬರಬಾರದೇ? 2020ರ ಅಕ್ಟೋಬರಿನಲ್ಲಿ ಪಡುಬಿದ್ರಿ ಮತ್ತು ಕಾಸರಕೋಡು ಕಡಲತೀರಗಳಿಗೆ ಸ್ವಚ್ಛ, ಸುರಕ್ಷಿತ ತೀರಕ್ಕೆ ಸಿಗುವ ‘ಬ್ಲೂ ಫ್ಲ್ಯಾಗ್’ ಮನ್ನಣೆ ಬಂತು. ಅದಕ್ಕಾಗಿ ಶೌಚಾಲಯ, ಸ್ನಾನದ ಕೋಣೆ, ಜೀವರಕ್ಷಕರು ಎಲ್ಲ ಸಜ್ಜಾಗಿದ್ದವು. ಅಲ್ಲೇ ಗಾಳಿಮರದ ನೆರಳಿಗೆ ಒಂದು ಪುಸ್ತಕದ ಕಪಾಟು, ನಾಲ್ಕು ಬೆಂಚು ಇಡಲು ಪಂಚಾಯಿತಿಗೆ ಎಷ್ಟು ಖರ್ಚಾದೀತು?