ವರ್ಷದ ಲೆಕ್ಕ ಬರೆಯುವ ಬಗೆ

ವರ್ಷ ಮುಗಿಯುತ್ತ ಬಂದಾಗ ಲೆಕ್ಕ ನೋಡುವುದು ಎಲ್ಲರ ರೂಢಿ. ಅಂಗಡಿಯವನು ಮಾರ್ಚ್ ಕೊನೆಗೆ ಖಾತೆ ಮುಚ್ಚುತ್ತಾನೆ. ತೋಟದವನು ಬಿಸುವಿನ ಹೊತ್ತಿಗೆ ಅಡಿಕೆ ಎಷ್ಟು ಮಾರಿದೆ, ಕೂಲಿ ಎಷ್ಟು ಕೊಟ್ಟೆ ಎಂದು ಕೂಡಿಸಿ ಕಳೆದು ನೋಡುತ್ತಾನೆ. ವಿದ್ಯಾರ್ಥಿಗೆ ಪರೀಕ್ಷೆಯ ಫಲಿತಾಂಶವೇ ವರ್ಷದ ಲೆಕ್ಕ. ದುಡ್ಡಿನ ವ್ಯವಹಾರದಲ್ಲಿ ಕೊನೆಗೊಂದು ಗೆರೆ ಎಳೆದು ಉಳಿಕೆ ಬರೆಯುವುದು ಅವಶ್ಯ. ಆದರೆ ಬಾಳಿನ ಒಂದು ವರ್ಷಕ್ಕೂ ಹಾಗೆಯೇ ಗೆರೆ ಎಳೆದು, 'ಇದು ಒಳ್ಳೆಯ ವರ್ಷ', 'ಇದು ಹಾಳು ವರ್ಷ' ಎಂದು ತೀರ್ಪು ಕೊಡುವುದು ಸರಿಯೇ? ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿಯಾಗಿ, ಒಬ್ಬ ಹೆತ್ತವನಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಾಳು ವರ್ಷ ಎಂದೊಡನೆ ನಮ್ಮ ಕಾಸರಗೋಡಿನವರ ಬಾಯಿಗೆ ಬರುವುದು 2020. ಈಗ ಹೈಸ್ಕೂಲಿನಲ್ಲಿ ಕಲಿಯುವ ಮಕ್ಕಳು ಆಗ ಚಿಕ್ಕ ತರಗತಿಗಳಲ್ಲಿದ್ದರು. ಆ ವರ್ಷದ ಮಾರ್ಚಿನಿಂದ ಮರುವರ್ಷದ ಮಾರ್ಚಿನವರೆಗೆ ನಮ್ಮ ಒಂದು ಮನೆಯಲ್ಲಿ ನಡೆದುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಮೊದಲು ಖರ್ಚಿನ ಬದಿ. ಕಾಯಿಲೆ ಜೋರಾದರೆ ಮಂಗಳೂರಿಗೆ ಓಡುವುದು ನಮ್ಮ ಊರಿನ ಹಳೆಯ ವಾಡಿಕೆ. 2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳರಸ್ತೆಗಳಿಗೂ ಮಣ್ಣು ಬಿತ್ತು. ವಿಷಯವು ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಚಿಕಿತ್ಸೆಗೆ ಆಚೆ ದಾಟಲಾಗದೆ ಪ್ರಾಣ ಬಿಟ್ಟವರೂ ಇದ್ದರು. ನನ್ನ ತಂದೆಯವರು ಹೃದ್ರೋಗಿ. ಅವರನ್ನು ನೋಡುತ್ತಿದ್ದ ವೈದ್ಯರು ಮಂಗಳೂರಿನಲ್ಲಿ. ಫೋನಿನಲ್ಲಿ ಕೇಳಿ, ಇಲ್ಲಿ ಸಿಕ್ಕಿದ ಮದ್ದು ತಂದು ದಿನ ದೂಡಿದೆವು. ಆಟಿ ತಿಂಗಳ ಕೊನೆಗೆ ಅವರು ತೀರಿಕೊಂಡರು. ಗಡಿ ಮುಚ್ಚಿದ್ದರಿಂದಲೇ ಹಾಗಾಯಿತೆಂದು ನಾನು ಹೇಳಲಾರೆ. ವಯಸ್ಸು ಎಂಬತ್ತು ದಾಟಿತ್ತು. ಆದರೆ ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಗಡಿಯಾಚೆಗೆ ಮದುವೆ ಮಾಡಿ ಕೊಟ್ಟ ನನ್ನ ಅಕ್ಕನಿಗೆ ಅಪ್ಪನ ಮುಖ ನೋಡಲು ಬರಲಾಗಲಿಲ್ಲ. ಅದೇ ಸಮಯಕ್ಕೆ ಬಿಡದೆ ಮಳೆ ಹೊಡೆದು ಎರಡನೆಯ ಸಲದ ಮದ್ದು ಬಿಡಲಾಗದೆ ತೋಟಕ್ಕೆ ಕೊಳೆರೋಗ ಬಂತು. ಬೆಂಗಳೂರಿನಲ್ಲಿದ್ದ ತಮ್ಮ ಕೆಲಸ ಕಳೆದುಕೊಂಡು ಒಂದು ಚೀಲ ಹಿಡಿದು ಮನೆಗೆ ಬಂದ.

ಇನ್ನು ಜಮೆಯ ಬದಿ. ಮಗಳು ಆ ವರ್ಷ ಎಸ್.ಎಸ್.ಎಲ್.ಸಿ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಪರೀಕ್ಷೆಗಳು ನಡುವೆ ನಿಂತು, ಮೇ ಕೊನೆಯ ವಾರದಲ್ಲಿ ನಡೆದವು. ಗಣಿತವೆಂದರೆ ಅಳುತ್ತಿದ್ದ ಹುಡುಗಿಗೆ ಎರಡು ತಿಂಗಳು ಹೆಚ್ಚಿಗೆ ಸಿಕ್ಕಿತು. ಕಲಿಸಲು ಕೆಲಸವಿಲ್ಲದ ಚಿಕ್ಕಪ್ಪನೂ ಸಿಕ್ಕಿದ. ಜೂನ್ 30ರಂದು ಫಲಿತಾಂಶ ಬಂತು. ಕೇರಳದಲ್ಲಿ ನೂರಕ್ಕೆ 98.82 ಮಂದಿ ಗೆದ್ದ ಆ ಪರೀಕ್ಷೆಯಲ್ಲಿ ಇವಳು ಗೆದ್ದದ್ದು ಊರಿಗೆ ದೊಡ್ಡ ಸುದ್ದಿಯಲ್ಲ. ಆದರೆ ಗಣಿತದಲ್ಲಿ ಬಿ ಪ್ಲಸ್ ಬಂದದ್ದು ನಮ್ಮ ಮನೆಗೆ ದೊಡ್ಡ ಸುದ್ದಿಯೇ ಆಗಿತ್ತು.

ಚಿಕ್ಕವನ ಪಾಠ ಜೂನ್ 1ರಿಂದ ವಿಕ್ಟರ್ಸ್ ವಾಹಿನಿಯ 'ಫಸ್ಟ್ ಬೆಲ್'ಗೆ ಬಂತು. ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಮಳೆಯಲ್ಲಿ ಕೊಡೆ ಹಿಡಿದು ಹತ್ತುತ್ತಿದ್ದ. ಉಳಿದ ಹೊತ್ತು ಅಜ್ಜನ ಬಳಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ತಂದೆಯವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಆ ನಾಲ್ಕು ತಿಂಗಳು ಸಂಜೆಯಾದರೆ ಜಗಲಿಯಲ್ಲಿ ಅಜ್ಜ ವಾಲಿ, ಮೊಮ್ಮಗ ಸುಗ್ರೀವ. ಶಾಲೆ ನಡೆಯುತ್ತಿದ್ದರೆ ಹುಡುಗನಿಗೆ ಅಷ್ಟು ಬಿಡುವೂ ಇರುತ್ತಿರಲಿಲ್ಲ, ಅಜ್ಜನಿಗೆ ಅಷ್ಟು ಕೇಳುಗರೂ ಇರುತ್ತಿರಲಿಲ್ಲ. ತಮ್ಮನೋ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಬೋರ್ಡೋ ದ್ರಾವಣದ ಪ್ರಮಾಣ ಕಲಿತು ತೋಟಕ್ಕಿಳಿದ. ಕೊಳೆರೋಗದಿಂದ ಉಳಿದ ಅಡಿಕೆಗೆ ಧಾರಣೆಯೂ ಏರಿತು. ಊರಿನ ಮಟ್ಟಿಗೂ ಒಂದು ಜಮೆಯುಂಟು: ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ 2020ರ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು.

ಈಗ ಹೇಳಿ, ಇದು ಒಳ್ಳೆಯ ವರ್ಷವೋ, ಹಾಳು ವರ್ಷವೋ? ಮರುವರ್ಷದ ಬಿಸುವಿಗೆ ಬಂದಿದ್ದ ನಮ್ಮ ಸೋದರಮಾವ, "ಆ ವರ್ಷದ ಸುದ್ದಿಯೇ ಬೇಡ ಮಾರಾಯ, ಮರೆತುಬಿಡು" ಎಂದರು. ಅವರ ಕಳಕಳಿ ದೊಡ್ಡದು. ಆದರೆ ಆ ವರ್ಷವನ್ನು ಇಡಿಯಾಗಿ ಎತ್ತಿ ಹೊರಗೆ ಎಸೆದರೆ ಅಜ್ಜನೂ ಮೊಮ್ಮಗನೂ ಜಗಲಿಯಲ್ಲಿ ಕುಳಿತ ನಾಲ್ಕು ತಿಂಗಳೂ ಅದರೊಡನೆ ಹೊರಗೆ ಹೋಗುತ್ತದೆ. ನನ್ನ ಮಗನಿಗೆ ಅಜ್ಜ ಎಂದರೆ ಆ ನಾಲ್ಕು ತಿಂಗಳೇ. ಅದನ್ನು ಎಸೆಯುವುದು ಹೇಗೆ?

ಇನ್ನು ಕೆಲವರು, "ಆದದ್ದೆಲ್ಲ ಒಂದು ರೀತಿಯಲ್ಲಿ ಒಳ್ಳೆಯದಕ್ಕೇ, ಕಷ್ಟದಿಂದಲೇ ಮನುಷ್ಯ ಕಲಿಯುವುದು" ಎನ್ನುತ್ತಾರೆ. ಇದನ್ನೂ ನಾನು ಒಪ್ಪುವವನಲ್ಲ. ಅಪ್ಪನ ಮುಖ ನೋಡಲಾಗದ ನನ್ನ ಅಕ್ಕನ ಮುಂದೆ ನಿಂತು ಈ ಮಾತು ಹೇಳುವ ಧೈರ್ಯ ಯಾರಿಗುಂಟು? ಮಗಳ ಬಿ ಪ್ಲಸ್ಸು ಅಕ್ಕನ ದುಃಖಕ್ಕೆ ವಜಾ ಆಗುವುದಿಲ್ಲ. ಅಕ್ಕನ ದುಃಖವೆಂದು ಮಗಳು ತನ್ನ ಸಂತೋಷವನ್ನು ಬಚ್ಚಿಡಬೇಕಾದದ್ದೂ ಇಲ್ಲ. ಜಮೆಯಿಂದ ಖರ್ಚನ್ನು ಕಳೆಯುವುದು ದುಡ್ಡಿನ ಲೆಕ್ಕದಲ್ಲಿ ಮಾತ್ರ. ಬಾಳಿನ ಲೆಕ್ಕದಲ್ಲಿ ಎರಡು ಬದಿಗಳೂ ಹಾಗೆಯೇ ಉಳಿಯಬೇಕು. ಕೆಳಗೆ ಗೆರೆ ಎಳೆಯಬಾರದು.

ತೋಟದ ಅಡಿಕೆ ಮರವನ್ನು ನೋಡಿ. ಒಂದೊಂದು ಸೋಗೆ ಕಳಚಿ ಬಿದ್ದಾಗಲೂ ಕಾಂಡದ ಮೇಲೆ ಒಂದೊಂದು ಬಳೆಯಂಥ ಗುರುತು ಉಳಿಯುತ್ತದೆ. ಮರ ಸೊರಗಿದ ಕಾಲದ ಗುರುತುಗಳು ಒತ್ತೊತ್ತಾಗಿ, ಸೊಂಪಾಗಿ ಬೆಳೆದ ಕಾಲದವು ದೂರ ದೂರವಾಗಿ ಇರುತ್ತವೆ. ಸೊರಗಿದ ಭಾಗ ಚೆನ್ನಾಗಿಲ್ಲವೆಂದು ಕತ್ತರಿಸಿ ತೆಗೆದರೆ ಮೇಲಿನ ಗೊನೆ ನಿಲ್ಲುವುದು ಯಾವುದರ ಮೇಲೆ?

ವಿದ್ಯಾರ್ಥಿಗಳೇ, ಇಷ್ಟು ಬರೆಯಲು ಕಾರಣ ನೀವೇ. ಫಲಿತಾಂಶದ ದಿನ ಎಷ್ಟೋ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಒಂದು ವರ್ಷ ಹಾಳು ಮಾಡಿದೆ!" ಹತ್ತು ತಿಂಗಳು ಬೆಳಿಗ್ಗೆ ಎದ್ದು ಬಸ್ಸು ಹಿಡಿದು ಬಂದ ಮಗುವಿಗೆ ಈ ಮಾತು ಹೇಳುವುದು ಅನ್ಯಾಯ. ಒಂದು ವಿಷಯದಲ್ಲಿ ಸೋತದ್ದು ಸೋತದ್ದೇ. ಅದನ್ನು ಮುಚ್ಚಿಡುವುದು ಬೇಡ. 'ಸೇ' ಪರೀಕ್ಷೆಗೆ ಕುಳಿತು ತಿದ್ದಿಕೊಳ್ಳಬೇಕು. ಆದರೆ ಅದೇ ವರ್ಷದಲ್ಲಿ ಆ ಹುಡುಗ ಕಲೋತ್ಸವದ ಯಕ್ಷಗಾನಕ್ಕೆ ಚೆಂಡೆ ಬಾರಿಸಿರಬಹುದು, ಕಾಯಿಲೆಯ ತಾಯಿಗೆ ಗಂಜಿ ಬೇಯಿಸಿ ಕೊಟ್ಟಿರಬಹುದು, ಒಬ್ಬ ಒಳ್ಳೆಯ ಗೆಳೆಯನನ್ನು ಪಡೆದಿರಬಹುದು. ಇವುಗಳಿಗೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಎಲ್ಲ ವಿಷಯದಲ್ಲೂ ಎ ಪ್ಲಸ್ ಬಂದವನ ವರ್ಷದಲ್ಲಿ, ಯಾರಿಗೂ ಹೇಳದ ಒಂದು ನೋವಿರಲೂಬಹುದು. ಅದಕ್ಕೂ ಅಲ್ಲಿ ಜಾಗವಿಲ್ಲ. ಅಂಕಪಟ್ಟಿಯ ದೋಷವಲ್ಲ ಇದು. ಅದರ ಕೆಲಸವೇ ಬೇರೆ. ಅದನ್ನು ವರ್ಷದ ಪೂರ್ತಿ ಲೆಕ್ಕವೆಂದು ತಿಳಿಯುವುದೇ ದೋಷ.

ಆದ್ದರಿಂದ ಎರಡು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ಪ್ರತಿಯೊಬ್ಬ ವಿದ್ಯಾರ್ಥಿಯೂ ನಲವತ್ತು ಪುಟದ ಒಂದು ಪುಸ್ತಕ ಇಟ್ಟುಕೊಳ್ಳಲಿ. ಜೂನಿನಿಂದ ಮಾರ್ಚಿನವರೆಗೆ ತಿಂಗಳಿಗೊಮ್ಮೆ ಎಡಪುಟದಲ್ಲಿ ನೋವಾದದ್ದನ್ನೂ ಬಲಪುಟದಲ್ಲಿ ನಲಿವಾದದ್ದನ್ನೂ ನಾಲ್ಕು ಸಾಲು ಬರೆಯಲಿ. ಕನ್ನಡದಲ್ಲೇ ಬರೆಯಲಿ, ಮನಸ್ಸಿನ ಮಾತು ಬರೆಯುವುದೇ ಪ್ರಬಂಧ ರಚನೆಗೆ ಒಳ್ಳೆಯ ಅಭ್ಯಾಸ. ಹೆತ್ತವರು ಅದನ್ನು ಕದ್ದು ಓದದಿರಲಿ. ವರ್ಷದ ಕೊನೆಗೆ "ಎಷ್ಟು ಮಾರ್ಕು?" ಎಂದು ಕೇಳಿದ ಮೇಲೆ, "ಈ ವರ್ಷ ನಿನಗೆ ಕಷ್ಟವಾದದ್ದು ಏನು? ಸಂತೋಷವಾದದ್ದು ಏನು?" ಎಂಬ ಎರಡು ಪ್ರಶ್ನೆಗಳನ್ನೂ ಕೇಳಲಿ. ಉತ್ತರ ಬರುವವರೆಗೆ ಕಾಯಲಿ.

ಎರಡನೆಯದು ಈ ಸಂಚಿಕೆಯ ಸಂಪಾದಕ ಮಂಡಳಿಗೆ. ವಾರ್ಷಿಕ ಸಂಚಿಕೆಗಳಲ್ಲಿ ಬಹುಮಾನ ಪಡೆದವರ ಭಾವಚಿತ್ರಗಳನ್ನು ಅಚ್ಚು ಮಾಡುತ್ತೀರಿ. ಅದು ಯೋಗ್ಯವೇ. ಅದರ ಎದುರಿಗೆ ಎರಡು ಪುಟ ಬಿಟ್ಟು, ಬಹುಮಾನ ಬಾರದ ಮಕ್ಕಳೂ ತಮ್ಮ ವರ್ಷವನ್ನು ತಮ್ಮ ಮಾತಿನಲ್ಲೇ ಬರೆಯುವಂತೆ ಮಾಡಿರಿ. ಓಟದಲ್ಲಿ ನಾಲ್ಕನೆಯವನಾಗಿ ಬಂದವನಿಗೂ ಓಡಿದ ಅನುಭವವಿದೆ. ಅದನ್ನು ಓದಲು ಹೆತ್ತವರಾದ ನಮಗೆ ಆಸೆಯೂ ಇದೆ, ಅವಶ್ಯವೂ ಇದೆ.