ದಲೈ ಲಾಮಾ ಉತ್ತರಾಧಿಕಾರಿ: ಭಾರತ ಮೌನ ಮುರಿಯಲಿ

ತಮ್ಮ ತೊಂಬತ್ತನೆಯ ಜನ್ಮದಿನಕ್ಕೆ ನಾಲ್ಕು ದಿನ ಮುಂಚೆ, 2025ರ ಜುಲೈ 2ರಂದು, ದಲೈ ಲಾಮಾ ಅವರು ತಮ್ಮ ಪೀಠದ ಪರಂಪರೆ ಮುಂದುವರಿಯಲಿದೆ ಎಂದು ಪ್ರಕಟಿಸಿದರು. ಮುಂದಿನ ಅವತಾರವನ್ನು ಗುರುತಿಸುವ ಅಧಿಕಾರ ತಮ್ಮ ಕಚೇರಿಗೆ ಸೇರಿದ ಗಾಡೆನ್ ಫೋಡ್ರಂಗ್ ಟ್ರಸ್ಟ್‌ಗೆ ಮಾತ್ರ ಇದೆ ಎಂದೂ ಸ್ಪಷ್ಟಪಡಿಸಿದರು. ಸುವರ್ಣ ಕಲಶದಿಂದ ಚೀಟಿ ಎತ್ತಿ, ಕೇಂದ್ರ ಸರ್ಕಾರದ ಅನುಮೋದನೆ ಪಡೆದರೆ ಮಾತ್ರ ಆಯ್ಕೆ ಸಿಂಧು ಎಂದು ಬೀಜಿಂಗ್ ಕೂಡಲೇ ಪ್ರತಿಕ್ರಿಯಿಸಿತು. ಎರಡು ದಿನಗಳ ಬಳಿಕ ಭಾರತದ ವಿದೇಶಾಂಗ ಸಚಿವಾಲಯವು, ನಂಬಿಕೆ ಹಾಗೂ ಧಾರ್ಮಿಕ ಆಚರಣೆಗಳ ವಿಷಯದಲ್ಲಿ ಸರ್ಕಾರ ಯಾವ ನಿಲುವನ್ನೂ ತಳೆಯುವುದಿಲ್ಲ ಎಂದು ಹೇಳಿತು.

ಧರ್ಮನಿರಪೇಕ್ಷ ಗಣರಾಜ್ಯವೊಂದಕ್ಕೆ ಒಪ್ಪುವ ಮಾತಿದು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಇಲ್ಲಿರುವುದು ಕೇವಲ ನಂಬಿಕೆಯ ಪ್ರಶ್ನೆಯಲ್ಲ. ಪ್ರಭುತ್ವವೊಂದು ಧರ್ಮಗುರುವನ್ನು ನೇಮಿಸಬಹುದೇ ಎಂಬುದು ನಿಜವಾದ ಪ್ರಶ್ನೆ.

ಸುವರ್ಣ ಕಲಶದ ಪದ್ಧತಿಯನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಬೆಟ್ಟಿನ ಮೇಲೆ ಹೇರಿದ್ದು ಚಿಂಗ್ ವಂಶದ ಚಕ್ರವರ್ತಿ. ಹದಿಮೂರನೆಯ ದಲೈ ಲಾಮಾ ಆಗಲಿ ಈಗಿನ ಹದಿನಾಲ್ಕನೆಯವರಾಗಲಿ ಈ ಕಲಶದ ಚೀಟಿಯಿಂದ ಆಯ್ಕೆಯಾದವರಲ್ಲ. ಹೀಗಿದ್ದರೂ ಚೀನಾ 2007ರಲ್ಲಿ ಆದೇಶವೊಂದನ್ನು ಹೊರಡಿಸಿ, ಲಾಮಾಗಳ ಪುನರವತಾರಕ್ಕೆ ಸರ್ಕಾರದ ಅನುಮತಿಯನ್ನು ಕಡ್ಡಾಯಗೊಳಿಸಿತು. ದೇವರನ್ನೇ ನಂಬದ ಪಕ್ಷವೊಂದು ಪುನರ್ಜನ್ಮಕ್ಕೆ ಪರವಾನಗಿ ನೀಡಲು ಹೊರಟಿರುವುದು ನಗೆ ತರಿಸಬಹುದು. ಆದರೆ 1995ರ ಘಟನೆ ನೆನಪಾದರೆ ಆ ನಗೆ ಉಳಿಯುವುದಿಲ್ಲ. ಆ ವರ್ಷ ಮೇ ತಿಂಗಳಲ್ಲಿ ದಲೈ ಲಾಮಾ ಅವರು ಆರು ವರ್ಷದ ಗೆಧುನ್ ಚೋಕಿ ನಿಮಾನನ್ನು ಪಂಚೆನ್ ಲಾಮಾ ಎಂದು ಗುರುತಿಸಿದರು. ಕೆಲವೇ ದಿನಗಳಲ್ಲಿ ಚೀನಾದ ಅಧಿಕಾರಿಗಳು ಬಾಲಕನನ್ನೂ ಅವನ ಕುಟುಂಬವನ್ನೂ ಕರೆದೊಯ್ದರು. ಅಂದಿನಿಂದ ಆತ ಸಾರ್ವಜನಿಕವಾಗಿ ಕಾಣಿಸಿಕೊಂಡಿಲ್ಲ. ಅವನ ಸ್ಥಾನದಲ್ಲಿ ಸರ್ಕಾರದ ಆಯ್ಕೆಯ ಬಾಲಕನನ್ನು ಕೂರಿಸಲಾಯಿತು. ದಲೈ ಲಾಮಾ ಅವರ ಅವತಾರವನ್ನು ಗುರುತಿಸುವಲ್ಲಿ ಪಂಚೆನ್ ಲಾಮಾಗೆ ಸಾಂಪ್ರದಾಯಿಕ ಪಾತ್ರವಿದೆ ಎಂಬುದನ್ನು ಗಮನಿಸಿದರೆ, ಈ ಕ್ರಮದ ದೂರದೃಷ್ಟಿ ಅರ್ಥವಾಗುತ್ತದೆ.

ಇದು ಭಾರತಕ್ಕೆ ದೂರದ ವಿಷಯವಲ್ಲ. ಗೆಲುಗ್ ಪಂಥದ ಮೂರು ಮಹಾವಿಹಾರಗಳು ಮರುಸ್ಥಾಪನೆಗೊಂಡಿರುವುದು ಕರ್ನಾಟಕದಲ್ಲಿಯೇ: ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಡೆನ್ ಮುಂಡಗೋಡದಲ್ಲಿ. ಆರನೆಯ ದಲೈ ಲಾಮಾ ಜನಿಸಿದ ತವಾಂಗ್ ಅರುಣಾಚಲ ಪ್ರದೇಶದಲ್ಲಿದೆ. ಆ ರಾಜ್ಯವನ್ನು ಚೀನಾ ತನ್ನದೆಂದು ಹೇಳಿಕೊಳ್ಳುತ್ತಿದೆ. ನಾಳೆ ಇಬ್ಬರು ದಲೈ ಲಾಮಾಗಳು ಎದುರುಬದುರಾದರೆ, ಲಡಾಖ್‌ನಿಂದ ತವಾಂಗ್‌ವರೆಗಿನ ಬೌದ್ಧ ಮಠಗಳು ಯಾರಿಗೆ ತಲೆಬಾಗುತ್ತವೆ ಎಂಬುದು ಗಡಿಯ ಪ್ರಶ್ನೆಯೂ ಆಗುತ್ತದೆ. ಉತ್ತರಾಧಿಕಾರಿ ಮುಕ್ತ ಜಗತ್ತಿನಲ್ಲಿ ಜನಿಸುತ್ತಾನೆಂದು ದಲೈ ಲಾಮಾ ಬರೆದಿದ್ದಾರೆ. ಆ ಮಗು ಭಾರತದಲ್ಲೇ ಪತ್ತೆಯಾದರೆ ಅದಕ್ಕೆ ರಕ್ಷಣೆ ಕೊಡುವುದೇ, ವಿದೇಶ ಪ್ರಯಾಣಕ್ಕೆ ಅವಕಾಶ ಕಲ್ಪಿಸುವುದೇ ಎಂಬುದನ್ನು ಆಗ ದೆಹಲಿಯೇ ತೀರ್ಮಾನಿಸಬೇಕಾಗುತ್ತದೆ.

ಎಚ್ಚರಿಕೆಯ ಪರವಾದ ವಾದವನ್ನೂ ತಳ್ಳಿಹಾಕುವಂತಿಲ್ಲ. ಗಾಲ್ವಾನ್ ಸಂಘರ್ಷದ ಬಳಿಕ ಕದಡಿದ್ದ ಸಂಬಂಧ 2024ರ ಅಕ್ಟೋಬರ್‌ನ ಗಸ್ತು ಒಪ್ಪಂದದಿಂದ ತುಸು ತಿಳಿಯಾಯಿತು. 2020ರಿಂದ ನಿಂತಿದ್ದ ಕೈಲಾಸ ಮಾನಸಸರೋವರ ಯಾತ್ರೆ 2025ರಲ್ಲಿ ಪುನರಾರಂಭಗೊಂಡಿತು. ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗವೆಂದು ಭಾರತ 2003ರಲ್ಲಿಯೇ ಒಪ್ಪಿಕೊಂಡಿದೆ. ಉತ್ತರಾಧಿಕಾರದಲ್ಲಿ ಹಸ್ತಕ್ಷೇಪ ಮಾಡುವ ಚೀನೀ ಅಧಿಕಾರಿಗಳನ್ನು ದಂಡಿಸುವ ಅಮೆರಿಕದ 2020ರ ಕಾನೂನಿನಂತೆ ನಾವೂ ಮಾಡಬೇಕಿಲ್ಲ. ಲಾಮಾ ಅವರನ್ನು ಚದುರಂಗದ ಕಾಯಿಯಾಗಿಸುವುದು ಅವರಿಗೂ ಒಳಿತಲ್ಲ, ನಮಗೂ ಒಳಿತಲ್ಲ.

ಆದರೆ ಲಾಮಾ ಯಾರೆಂದು ಹೇಳದಿರುವುದು ಬೇರೆ, ಯಾವ ಸರ್ಕಾರವೂ ಅದನ್ನು ನಿರ್ಧರಿಸಬಾರದು ಎಂದು ಹೇಳದಿರುವುದು ಬೇರೆ. ಮೊದಲನೆಯದು ಧರ್ಮನಿರಪೇಕ್ಷತೆ, ಎರಡನೆಯದು ಬಲಿಷ್ಠರ ಪರವಾದ ಮೌನ. ಧಾರ್ಮಿಕ ವಿಷಯಗಳನ್ನು ತಾವೇ ನಿರ್ವಹಿಸಿಕೊಳ್ಳುವ ಹಕ್ಕನ್ನು ನಮ್ಮ ಸಂವಿಧಾನದ 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ನೀಡಿದೆ. ಈ ತತ್ವವನ್ನು ಹೊರಗೆ ಹೇಳುವ ಸರ್ಕಾರ ಒಳಗೂ ಪಾಲಿಸಬೇಕಾಗುತ್ತದೆ, ಅದು ನಿಜ. ಆದರೆ ಬುದ್ಧ ಹುಟ್ಟಿಸಿದ ಧರ್ಮವನ್ನು ರಾಜತಾಂತ್ರಿಕ ಬಂಡವಾಳವನ್ನಾಗಿಸಿಕೊಂಡು, 2023ರಲ್ಲಿ ದೆಹಲಿಯಲ್ಲಿ ಜಾಗತಿಕ ಬೌದ್ಧ ಶೃಂಗಸಭೆ ನಡೆಸಿದ ದೇಶ, ಆ ಧರ್ಮದ ಸ್ವಾತಂತ್ರ್ಯದ ಪ್ರಶ್ನೆ ಎದ್ದಾಗ ನಿಲುವಿಲ್ಲ ಎನ್ನುವುದು ಹೊಂದುವುದಿಲ್ಲ.

ಭಾರತ ಹೇಳಬೇಕಾದದ್ದು ಇಷ್ಟೇ: ಉತ್ತರಾಧಿಕಾರಿಯನ್ನು ಗುರುತಿಸುವುದು ಟಿಬೆಟನ್ ಬೌದ್ಧರಿಗೆ ಬಿಟ್ಟದ್ದು, ಯಾವುದೇ ಸರ್ಕಾರ ನೇಮಿಸಿದವರನ್ನು ನಾವು ಮಾನ್ಯ ಮಾಡುವುದಿಲ್ಲ, ನಮ್ಮ ನೆಲದಲ್ಲಿ ಆಶ್ರಯ ಪಡೆದವರ ಶ್ರದ್ಧೆಗೆ ರಕ್ಷಣೆಯಿದೆ. ಸಂದರ್ಭ ಎದುರಾದ ಮೇಲೆ ಆಡುವ ಮಾತು ಪ್ರಚೋದನೆಯಂತೆ ಕೇಳಿಸುತ್ತದೆ. ಮುಂಚಿತವಾಗಿ, ಶಾಂತವಾಗಿ ಹೇಳಿದರೆ ಅದು ನೀತಿಯಾಗುತ್ತದೆ.